ವೃಕ್ಷವಲಯಗಳೂ ಗ್ರಂಥಕಾಲನಿರ್ಣಯವೂ

ಶಿರಹಟ್ಟಿಯ ಒಂದು ಹಳೆಯ ಮನೆಯಲ್ಲಿ ಓಲೆಗರಿಯ ಕಟ್ಟೊಂದನ್ನು ನೋಡುವ ಸುಯೋಗವು ಈ ಲೇಖಕನಿಗೆ ಒದಗಿತ್ತು. ಅದರ ಪುಷ್ಪಿಕೆಯಲ್ಲಿ ವಿಕಾರಿ ಸಂವತ್ಸರವೆಂದಿರುವುದೇ ಹೊರತು ಶಕವರ್ಷವಿಲ್ಲ. ಜೊತೆಗಿದ್ದ ತರುಣ ಅಧ್ಯಾಪಕರೊಬ್ಬರು ಕಟ್ಟಿನ ಮೇಲು ಕೆಳಗಣ ತೇಗದ ಹಲಗೆಗಳನ್ನು ತೋರಿಸಿ, ಇವುಗಳ ಬಳೆಗಳನ್ನಳೆದು ಗಣಕಯಂತ್ರಕ್ಕೆ ಕೊಟ್ಟರೆ ಗ್ರಂಥದ ಕಾಲವು ತಾನಾಗಿ ಹೊರಬೀಳುವುದೆಂದೂ, ಇನ್ನು ಮೇಲೆ ಪಂಡಿತರ ವಾದಗಳಿಗೆ ಎಡೆಯಿಲ್ಲವೆಂದೂ ಹೇಳಿದರು. ಈ ಮಾತು ಅವರೊಬ್ಬರದಾಗಿದ್ದರೆ ಇಲ್ಲಿ ಎತ್ತಬೇಕಾಗಿರಲಿಲ್ಲ. ಯಂತ್ರವು ಕೊಟ್ಟ ಇಸವಿಯನ್ನು ಶಿಲಾಶಾಸನಕ್ಕಿಂತ ಮಿಗಿಲಾದ ಪ್ರಮಾಣವೆಂದು ಭಾವಿಸುವ ಒಲವು ನಮ್ಮ ವಿದ್ವದ್ವರ್ಗದಲ್ಲಿ ಬೆಳೆಯುತ್ತಿರುವುದರಿಂದ ವಿಷಯವು ಪರೀಕ್ಷಾರ್ಹವಾಗಿದೆ.

ಈ ಶಾಸ್ತ್ರವನ್ನು ನೆಲೆಗೊಳಿಸಿದವನು ಅಮೆರಿಕದ ಡಗ್ಲಸ್ ಎಂಬ ಜ್ಯೋತಿರ್ವಿದನು. ಸೂರ್ಯಕಲಂಕಗಳ ಆವರ್ತವನ್ನು ಮರಗಳಲ್ಲಿ ಹುಡುಕಹೊರಟ ಆತನು 1929 ರಲ್ಲಿ ಅರಿಜೋನಾ ಪ್ರಾಂತದ ಒಂದು ಸುಟ್ಟ ತೊಲೆಯ ಸಹಾಯದಿಂದ ಬಿಡಿಯಾಗಿದ್ದ ವಲಯಶ್ರೇಣಿಯನ್ನು ವರ್ತಮಾನದ ಶ್ರೇಣಿಗೆ ಬೆಸೆದನು. ಕೇವಲ ಎಣಿಕೆಯಿಂದ ಇದು ಸಾಧ್ಯವಾಗುವಂಥದಲ್ಲ. ಬರಗಾಲದ ವರ್ಷ ಕಿರಿದಾದ ಬಳೆ, ಸುಭಿಕ್ಷದ ವರ್ಷ ಹಿರಿದಾದ ಬಳೆ. ಆ ಹಿರಿಕಿರಿದುಗಳ ಕ್ರಮವನ್ನು ಅನೇಕ ಮರಗಳಲ್ಲಿ ಹೋಲಿಸಿ ನೋಡಬೇಕು. ಒಂದು ಮರವು ಒಂದು ಹಸ್ತಪ್ರತಿಯಂತೆ. ಬೆಳೆಯದೆ ಹೋದ ಬಳೆಯು ಲಿಪಿಕಾರನು ಬಿಟ್ಟ ಪಂಕ್ತಿ. ಒಂದೇ ವರ್ಷದಲ್ಲಿ ಮೂಡಿದ ಎರಡನೆಯ ಬಳೆಯು ಪ್ರಕ್ಷಿಪ್ತ. ಪಾಠಾಂತರಗಳನ್ನು ಕೂಡಿಸಿ ನೋಡುವವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಅರಿಜೋನಾ ವಿಶ್ವವಿದ್ಯಾಲಯದ ರಿಚರ್ಡ್ ಹೋಮ್ಸನು 1983 ರಲ್ಲಿ ಪ್ರಕಟಿಸಿದ ಕೊಫೆಚಾ ಎಂಬ ತಂತ್ರಾಂಶವು ಮಾಡುವ ಕಾರ್ಯವೂ ಇದೇ. ಅದು ಪ್ರತಿಯೊಂದು ಶ್ರೇಣಿಯನ್ನೂ ಸಾಮಾನ್ಯವಾಗಿ ಐವತ್ತು ವರ್ಷಗಳ ತುಂಡುಗಳನ್ನಾಗಿ, ಇಪ್ಪತ್ತೈದು ವರ್ಷಗಳ ಹೊಂದಿಕೆಯಿಟ್ಟು ಕತ್ತರಿಸಿ, ಉಳಿದ ಮರಗಳ ಸರಾಸರಿಯೊಡನೆ ತೂಗುವುದು. ಹತ್ತು ವರ್ಷ ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿ, ಸಂಶಯವಿದ್ದಲ್ಲಿ ಗುರುತು ಹಾಕುವುದು. ಅಂದರೆ ಮನುಷ್ಯನು ಕಣ್ಣಿನಿಂದ ಮಾಡಿದ ನಿರ್ಣಯಕ್ಕೆ ಅದು ಪರೀಕ್ಷಕನೇ ಹೊರತು ನಿರ್ಣಾಯಕನಲ್ಲ. ಅದನ್ನು ಬಳಸುವ ವಿಧಾನವನ್ನು ಕುರಿತು 2001 ರಲ್ಲಿ ಬರೆದ ಗ್ರಿಸಿನೋ-ಮೇಯರನ ಆಶಯವೂ ಇದೇ. ಅನಂತರ ಬಂದ ಡಿ.ಪಿ.ಎಲ್.ಆರ್. ಮುಂತಾದವು ಈ ಕ್ರಿಯೆಯನ್ನು ಸುಲಭಗೊಳಿಸಿವೆ; ಮೀನಿನ ಕಿವಿಯೆಲುಬಿನ ಗೆರೆಗಳಿಗೂ ಚಿಪ್ಪಿನ ಪದರಗಳಿಗೂ ಇದೇ ಉಪಾಯವನ್ನು ಅನ್ವಯಿಸುತ್ತಾರೆ. ತನಗೆಲ್ಲಿ ಸಂಶಯವೆಂಬುದನ್ನು ಯಂತ್ರವು ಪುಟಪುಟದಲ್ಲಿಯೂ ಒಪ್ಪಿಕೊಳ್ಳುತ್ತದೆ. ನಮ್ಮ ಕವಿಚರಿತೆಕಾರರಲ್ಲಿ ಎಷ್ಟು ಮಂದಿ ಹಾಗೆ ಒಪ್ಪಿಕೊಂಡಿದ್ದಾರೆ?

ಇನ್ನು ವ್ಯಾಪ್ತಿಯ ವಿಚಾರ. ಎಲ್ಲಿ ಬಳೆಯೋ ಅಲ್ಲಿ ವರ್ಷ ಎಂಬುದು ನಿರುಪಾಧಿಕವಾದ ವ್ಯಾಪ್ತಿಯಲ್ಲ. ಬೆಂಕಿಯಿದ್ದಲ್ಲಿ ಹೊಗೆಯೆಂಬುದಕ್ಕೆ ಹಸಿ ಸೌದೆಯ ಸಂಯೋಗವು ಹೇಗೆ ಉಪಾಧಿಯೋ ಹಾಗೆ ಇಲ್ಲಿ ವರ್ಷಕ್ಕೊಂದೇ ಸಲ ಬೆಳವಣಿಗೆಯು ನಿಲ್ಲುವುದೆಂಬುದು ಉಪಾಧಿ. ಎಲೆಯುದುರಿಸಿ ಬೇಸಗೆಯನ್ನು ಕಳೆಯುವ ತೇಗಕ್ಕೆ ಇದು ಬಹುಮಟ್ಟಿಗೆ ಸಲ್ಲುವುದು. ಆದರೆ ಮುಂಗಾರು ಹಿಂಗಾರುಗಳ ನಡುವೆ ನೆಲವೊಣಗುವ ನಮ್ಮ ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಎರಡು ಬಳೆ ಮೂಡುವ ಶಂಕೆಗೆ ಅವಕಾಶವಿದೆ. ಬೇವಿನಲ್ಲಿ ಬಳೆಯೇ ಅಸ್ಪಷ್ಟ. ನೆರೆಯ ಸವಣೂರಿನ ದೊಡ್ಡಹುಣಸೆಗಳಿಗೆ ಜನರು ಸಾವಿರಗಟ್ಟಲೆ ವರ್ಷಗಳನ್ನು ಹೇಳುತ್ತಾರೆ. ಆ ಜಾತಿಯ ಮರಗಳಲ್ಲಿ ಹಲವು ಕಾಂಡಗಳು ಒಂದಾಗಿ ಬೆಸೆದು ಒಳಗೆ ಟೊಳ್ಳಾಗುವುದರಿಂದ ಸುತ್ತಳತೆಯೂ ಬಳೆಯೂ ಸಾಕ್ಷಿಗೆ ಬಾರವು. ಓಲೆಯನ್ನು ಕೊಟ್ಟ ತಾಳವೃಕ್ಷಕ್ಕಂತೂ ವರ್ಷವಲಯಗಳೇ ಇಲ್ಲ. ಉಳಿದದ್ದು ಹಲಗೆ ಮಾತ್ರ.

ಹಲಗೆಯನ್ನು ಯಾವುದರೊಡನೆ ಹೋಲಿಸತಕ್ಕದ್ದು? ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಬೋರ್ಗಾಂವ್‌ಕರ್ ಮೊದಲಾದವರು 2010 ರಲ್ಲಿ ಪ್ರಕಟಿಸಿದ ಕೇರಳದ ತೇಗದ ಶ್ರೇಣಿಯು 1481 ರಿಂದ 2003 ರವರೆಗೆ, ಅಂದರೆ 523 ವರ್ಷ ವ್ಯಾಪಿಸಿದೆ. ಹಲಗೆಯಲ್ಲಿ ಐವತ್ತು ಬಳೆಗಳಿವೆಯೆಂದು ಇಟ್ಟುಕೊಳ್ಳೋಣ. ಅದನ್ನು ಆ ಶ್ರೇಣಿಯ ಮೇಲೆ 474 ಸ್ಥಾನಗಳಲ್ಲಿ ಇಡಬಹುದು. ಕೊಫೆಚಾ ಐವತ್ತು ವರ್ಷಗಳ ತುಂಡಿಗೆ ಇಡುವ ಮಿತಿಯು 0.3281, ಅದರರ್ಥ, ಸಂಬಂಧವಿಲ್ಲದ ಶ್ರೇಣಿಯೂ ನೂರರಲ್ಲಿ ಒಂದು ಸಲ ಆಕಸ್ಮಿಕವಾಗಿ ಆ ಮಿತಿಯನ್ನು ದಾಟಬಹುದು. ಹಾಗಾದರೆ 474 ಸ್ಥಾನಗಳಲ್ಲಿ ನಾಲ್ಕೈದು ಸುಳ್ಳು ಹೊಂದಿಕೆಗಳು ಬರುವುದು ಸಹಜವೇ ಆಗಿದೆ. ಅವುಗಳಲ್ಲಿ ತನ್ನ ಮತಕ್ಕೆ ಅನುಕೂಲವಾದುದನ್ನಾರಿಸಿ ಯಂತ್ರವೇ ಹೇಳಿತೆನ್ನುವುದು ಹೇತ್ವಾಭಾಸವಲ್ಲದೆ ಮತ್ತೇನು? ಮೇಲಾಗಿ ಹಲಗೆಯು ಕೇರಳದ ಮಳೆಯನ್ನುಂಡ ಮರದ್ದೆಂಬುದಕ್ಕೆ ಆಧಾರವಿಲ್ಲ. ದಾಂಡೇಲಿ, ಹಳಿಯಾಳಗಳ ಕಡೆಯ ಮರವಾಗಿರುವ ಸಂಭವವೇ ಹೆಚ್ಚು. ಬಡಗಿಯು ತೊಗಟೆಯನ್ನೂ ಬಿಳಿಮರವನ್ನೂ ಹೆರೆದು ಹಾಕಿರುವುದರಿಂದ ಉಳಿದ ಕೊನೆಯ ಬಳೆಯು ಮರ ಕಡಿದ ವರ್ಷವೂ ಅಲ್ಲ.

ಹೀಗೆಂದು ಈ ವಿದ್ಯೆಯನ್ನು ತಳ್ಳಿಹಾಕಬೇಕೆಂಬುದು ನನ್ನ ಅಭಿಪ್ರಾಯವಲ್ಲ. ವಿಕಾರಿ ಸಂವತ್ಸರವು ಅರುವತ್ತು ವರ್ಷಗಳಿಗೊಮ್ಮೆ ಬರುವುದು: 1719, 1779, 1839, 1899 ಇತ್ಯಾದಿ. 1481 ರಿಂದೀಚೆಗೆ 2003 ರೊಳಗೆ ಅದು ಎಂಟು ಸಲ ಬಂದಿದೆ. ಹಲಗೆಯಲ್ಲಿ ಸಾಕಷ್ಟು ಬಳೆಗಳಿದ್ದು, ಸಮೀಪದ ಕಾಡಿನ ಶ್ರೇಣಿಯೊಡನೆ ನಿಸ್ಸಂದಿಗ್ಧವಾಗಿ ಹೊಂದಿ, ಕಡೆಯ ಬಳೆಯು 1790 ಎಂದಾದರೆ 1719 ಮತ್ತು 1779 ತಾವಾಗಿ ಬಿದ್ದುಹೋಗುವುವು. ಎರಡು ಅಪೂರ್ಣ ಸಾಕ್ಷ್ಯಗಳು ಕೂಡಿ ಒಂದು ಪಕ್ಷವನ್ನು ಬಲಪಡಿಸುವ ಬಗೆಯಿದು. ಆದರೆ ಹಲಗೆಯು ಕಟ್ಟಿನಷ್ಟೇ ಹಳೆಯದಾಗಿರಬೇಕು. ಆಮೇಲೆ ಬದಲಾಯಿಸಿದ ಹಲಗೆಯಿಂದ ಏನೂ ಸಿದ್ಧಿಸದು. ಆದಕಾರಣ ಆ ಅಧ್ಯಾಪಕರಿಗೆ ನಾನು ಸೂಚಿಸಿದುದು ಇಷ್ಟೆ: ಮೊದಲು ಹಲಗೆಯ ರಂಧ್ರವನ್ನೂ ಗರಿಗಳ ರಂಧ್ರವನ್ನೂ ಹೊಂದಿಸಿ, ಒಂದೇ ದಾರವು ಎರಡನ್ನೂ ಒಂದೇ ಕಡೆಗೆ ಸವೆಯಿಸಿದೆಯೇ ಎಂಬುದನ್ನು ನೋಡಿರಿ, ಬಳೆಗಳನ್ನು ಆಮೇಲೆ ಅಳೆಯೋಣ.