ಎಲ್ಲಕ್ಕೂ ‘ಕಿರಿಕ್’ ಅಂದರೆ ಹೇಗೆ?

ಬೆಂಗಳೂರಿನ ಲಗ್ಗೆರೆಯಲ್ಲಿ ಕಷ್ಟ ಹೇಳಿಕೊಳ್ಳುವವರ ಬಾಯಿಗೆ ಥಟ್ಟನೆ ಬರುವ ಮಾತು ‘ಕಿರಿಕ್’. ರಿಂಗ್ ರೋಡಿನಲ್ಲಿ ಗಾಡಿ ತಾಗಿದರೆ ಕಿರಿಕ್, ಬೋರ್‌ವೆಲ್ ಕೈಕೊಟ್ಟರೆ ಕಿರಿಕ್, ಮನೆ ಖಾಲಿ ಮಾಡುವಾಗ ಓನರ್ ಪೇಂಟಿಂಗ್ ಲೆಕ್ಕದಲ್ಲಿ ಅಡ್ವಾನ್ಸ್ ಮುರಿದುಕೊಂಡರೂ ಕಿರಿಕ್. ಪಕ್ಕದ ಪೀಣ್ಯದ ಶೆಡ್ಡು, ಗಾರ್ಮೆಂಟ್ಸ್‌ಗಳಲ್ಲಿ ದುಡಿದು ಬರುವ ಜನಕ್ಕೆ ಇಂಥ ಚುರುಕಾದ ಪದ ಬೇಕೇ ಬೇಕು. ದಿನದ ಸಿಟ್ಟನ್ನೆಲ್ಲ ಅದೊಂದರಲ್ಲಿ ಉಗುಳಿ ನೆಮ್ಮದಿಯಾಗಿ ಊಟಕ್ಕೆ ಕೂರಬಹುದು.

ಆದರೆ ಅದರ ಬೆನ್ನಿಗೆ ಬರುವ ಕ್ರಿಯಾಪದ ನೋಡಿ. ‘ಓನರ್ ಹತ್ರ ಕಿರಿಕ್ ಆಯ್ತು’ ಅನ್ನುತ್ತೇವೆ, ಯಾರೂ ಮಾಡದೆ ತಾನಾಗಿ ಆದ ಹಾಗೆ. ಮುರಿದುಕೊಂಡ ದುಡ್ಡಿನ ಸುದ್ದಿಯೇ ಇಲ್ಲ. ಅದೇ ಬಾಡಿಗೆಯವನು ಪೇಂಟಿಂಗ್ ಬಿಲ್ ತೋರಿಸಿ ಅಂದರೆ ‘ಕಿರಿಕ್ ಮಾಡ್ತಾನೆ’. ಓ.ಟಿ. ದುಡ್ಡು ಕೇಳಿದ ಹೆಣ್ಣುಮಗಳು ‘ಕಿರಿಕ್ ಪಾರ್ಟಿ’. ಕಳೆದುಕೊಂಡಾಗ ‘ಆಯ್ತು’, ಕೇಳಲು ಹೋದಾಗ ‘ಮಾಡ್ತಾರೆ’. ಈ ಪದದ ಬಗ್ಗೆ ನನ್ನ ತಕರಾರು ಇರುವುದೇ ಇಲ್ಲಿ.

ರಿಷಬ್ ಶೆಟ್ಟಿಯವರ ‘ಕಿರಿಕ್ ಪಾರ್ಟಿ’ ಸಿನಿಮಾ 2016ರ ಡಿಸೆಂಬರ್ 30ರಂದು ತೆರೆಕಂಡ ಮೇಲೆ ಆ ಬೈಗುಳ ಕಾಲೇಜು ಹುಡುಗರ ಬಿರುದಾಯಿತು. ಎಂಜಿನಿಯರಿಂಗ್ ಹುಡುಗರ ತುಂಟಾಟಕ್ಕೆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಹೊಲಿಗೆ ಲೈನಿನಲ್ಲಿ ಅದೇ ಬಿರುದು ಅಂಟಿಸಿಕೊಂಡವಳಿಗೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ದಿಗಿಲು.

ಹಾಗಂತ ಲಗ್ಗೆರೆಯವರಿಗೆ ಬೇರೆ ಮಾತಿಲ್ಲವೇ? ‘ಅಡ್ವಾನ್ಸ್ ತಿಂದ’, ‘ಸಂಬಳ ನುಂಗಿದ’, ‘ತಿಂಗಳುಗಟ್ಟಲೆ ಸತಾಯಿಸಿದ’. ಒರಟು ಮಾತುಗಳೇ, ಆದರೆ ಒಂದೊಂದರಲ್ಲೂ ಮಾಡಿದವನು ಎದುರಿಗೆ ನಿಂತಿದ್ದಾನೆ. ಗಾಡಿ ತಾಗಿದ ಜಗಳಕ್ಕೆ ಕಿರಿಕ್ ಸಾಕು. ದುಡ್ಡು ಹೋದ ಕಡೆ ಈ ಮಾತುಗಳೇ ಬೇಕು.

2016ರ ಏಪ್ರಿಲ್‌ನಲ್ಲಿ ಏನಾಯಿತು ನೆನೆಯಿರಿ. ಪಿಎಫ್‌ಗೆ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ವಾಹನಗಳು ನಿಂತಲ್ಲೇ ನಿಂತವು. ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಅದು ಟ್ರಾಫಿಕ್ ಕಿರಿಕ್. ಬೀದಿಗಿಳಿದವರಿಗೆ ಅದು ಕೆಲಸ ಬಿಟ್ಟಾಗ ಕೈಗೆ ಸಿಗಬೇಕಾದ ಸ್ವಂತ ದುಡ್ಡು. ಏಪ್ರಿಲ್ 19ರಂದು ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.