ಮೊನಾಕೊ, ಮನೆಯೊಳಗೆ

2020ರಲ್ಲಿ ಕೋವಿಡ್‌ನಿಂದಾಗಿ ಮೊನಾಕೊ ಗ್ರ್ಯಾನ್ ಪ್ರೀ ರದ್ದಾಯಿತು. 1954ರ ನಂತರ ಹೀಗಾಗಿದ್ದು ಅದೇ ಮೊದಲು. ಆದರೂ ಮೇ ತಿಂಗಳಲ್ಲಿ ರೇಸ್ ನಡೆಯಿತು, ಆನ್‌ಲೈನ್ ವಿಡಿಯೊ ಗೇಮ್‌ನಲ್ಲಿ. ಗೆದ್ದವರು ಫಾರ್ಮುಲಾ 1 ಚಾಲಕ ಜಾರ್ಜ್ ರಸೆಲ್.

ಇದು ಮಕ್ಕಳಾಟ ಅನ್ನುವವರು ಒಮ್ಮೆ ಸ್ಟೀರಿಂಗ್ ಹಿಡಿದು ನೋಡಬೇಕು. 3.337 ಕಿ.ಮೀ. ಸುತ್ತು, 19 ತಿರುವು, ಹೆಚ್ಚೂಕಮ್ಮಿ ಉದ್ದಕ್ಕೂ ಉಕ್ಕಿನ ತಡೆಗೋಡೆ. ಹೋಟೆಲ್ ಪಕ್ಕದ ಹೇರ್‌ಪಿನ್ ತಿರುವಿನಲ್ಲಿ ವೇಗ ಗಂಟೆಗೆ 50 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಮುಂದೆ ಸುರಂಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವಂತಿಲ್ಲ. ಹೊರಬಿದ್ದ ಕೂಡಲೇ ಇಳಿಜಾರಿನಲ್ಲೇ ಗಟ್ಟಿ ಬ್ರೇಕ್.

ನಿಜವಾದ ಕಾರಿನಲ್ಲಾದರೆ ಆಗ ಮೈಯೆಲ್ಲ ಮುಂದಕ್ಕೆ ನುಗ್ಗುತ್ತದೆ. ಇಲ್ಲಿ ಕುರ್ಚಿ ಅಲುಗುವುದೂ ಇಲ್ಲ! ಬ್ರೇಕ್ ಎಷ್ಟೆಂದು ಪಾದವೇ ಅಂದಾಜಿಸಬೇಕು: ಲೋಡ್ ಸೆಲ್ (ಒತ್ತಡ ಅಳೆಯುವ ಸಂವೇದಕ) ಇರುವ ಬ್ರೇಕ್ ಪೆಡಲ್ ಅಳೆಯುವುದು ಪಾದ ಎಷ್ಟು ಕೆಳಗಿಳಿಯಿತೆಂದಲ್ಲ, ಎಷ್ಟು ಜೋರಾಗಿ ಒತ್ತಿತೆಂದು. ಚಕ್ರ ಜಾರುವ ಸುಳಿವನ್ನು ಸ್ಟೀರಿಂಗ್‌ನ ಎಳೆತದಿಂದ ಕೈಯೇ ಹಿಡಿಯಬೇಕು. ತಪ್ಪಿ ಗೋಡೆಗೆ ತಾಗಿದರೆ ರೀಸ್ಟಾರ್ಟ್ ಒತ್ತುವಂತಿಲ್ಲ. ಮುರಿದ ಮುಂದಿನ ರೆಕ್ಕೆಯಲ್ಲೇ ಪಿಟ್‌ವರೆಗೆ ತೆವಳಬೇಕು.