ಶೇಕಡಾ ಚಿಹ್ನೆಯ ವ್ಯಾಕರಣ

ಯಂತ್ರದ ಒಡಲಿನಲ್ಲಿ ನಡೆಯುವ ವ್ಯಾಪಾರಗಳನ್ನು ಹೊರಗಿನವರಿಗೆ ತಿಳಿಯಪಡಿಸುವುದಕ್ಕೆ ಲಿನಕ್ಸ್ ಕರ್ನಲ್ಲಿಗಿರುವ ಪ್ರಧಾನ ಸಾಧನವೆಂದರೆ ಪ್ರಿಂಟ್‌ಕೆ ಎಂಬ ಫಂಕ್ಷನ್ನು. ಅದು ಸಂಖ್ಯೆಯನ್ನೋ ವಿಳಾಸವನ್ನೋ ಯಾವ ರೂಪದಲ್ಲಿ ಬರೆಯತಕ್ಕದ್ದೆಂಬುದನ್ನು ಶೇಕಡಾ ಚಿಹ್ನೆಯ ಮುಂದೆ ಬರುವ ಒಂದೆರಡು ಅಕ್ಷರಗಳು ನಿರ್ಣಯಿಸುತ್ತವೆ. ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಾಗಲಿ ಗುಬ್ಬಿಯ ಕಾಲೇಜಿನಲ್ಲಾಗಲಿ ಸಿ ಭಾಷೆಯನ್ನು ಕಲಿತು ಬಂದ ವಿದ್ಯಾರ್ಥಿಗೆ ಈ ಪದ್ಧತಿ ಹೊಸದಲ್ಲ. ಪೂರ್ಣಾಂಕಕ್ಕೆ %ಡಿ, ಅಕ್ಷರಮಾಲೆಗೆ %ಎಸ್ ಎಂಬ ಪಾಠ ಅವನಿಗೆ ಮೊದಲ ವರ್ಷದಲ್ಲಿಯೇ ಬಾಯಿಪಾಠವಾಗಿರುತ್ತದೆ. ಆದರೆ ಅವನು ಕರ್ನಲ್ಲಿನ ಮೂಲವನ್ನು ತೆರೆದೊಡನೆಯೆ, ಪಠ್ಯಪುಸ್ತಕದಲ್ಲಿ ಎಲ್ಲಿಯೂ ಕಾಣದ ಸಂಕೇತಗಳು ಸಾಲುಸಾಲಾಗಿ ಎದುರಾಗುತ್ತವೆ. ಅವುಗಳಿಗೆ ಅರ್ಥ ಹೇಳುವ ಕೈಪಿಡಿಯ ಗುಣದೋಷಗಳೇ ಪ್ರಕೃತ ಲೇಖನದ ವಿಷಯ.

ಈ ಸಂಕೇತಗಳು ಹುಟ್ಟಿಕೊಂಡುದಕ್ಕೆ ಒಂದು ಜಾಣ್ಮೆಯ ಕಾರಣವುಂಟು. ಬರೆದ ಸಂಕೇತಕ್ಕೂ ಕೊಟ್ಟ ಬೆಲೆಗೂ ಹೊಂದಿಕೆಯುಂಟೆ ಎಂದು ಕಂಪೈಲರು ಪರೀಕ್ಷಿಸುತ್ತದೆ; ತನಗೆ ತಿಳಿಯದ ಅಕ್ಷರವನ್ನು ಕಂಡರೆ ಆಕ್ಷೇಪಿಸುತ್ತದೆ. ವಿಳಾಸವನ್ನು ಸೂಚಿಸುವ %ಪಿ ಎಂಬುದು ಮಾತ್ರ ಅಷ್ಟಕ್ಕೇ ಪೂರ್ಣವಾಗುವುದರಿಂದ, ಅದರ ಮುಂದೆ ಬರುವ ಅಕ್ಷರಗಳನ್ನು ಕಂಪೈಲರು ಸಾಮಾನ್ಯ ಬರಹವೆಂದೇ ಭಾವಿಸಿ ಸುಮ್ಮನಾಗುತ್ತದೆ. ಈ ಸಂದನ್ನು ಗುರುತಿಸಿದ ಲಿನಸ್ ಟೋರ್ವಾಲ್ಡ್ಸ್ ಅವರು 2008ರಲ್ಲಿ, %ಪಿ ಸಂಕೇತಕ್ಕೆ ಅಂಟಿಕೊಂಡ ಅಕ್ಷರವನ್ನು ಕರ್ನಲ್ಲು ತನ್ನದೇ ಆದ ರೀತಿಯಲ್ಲಿ ಓದಿಕೊಳ್ಳುವಂತೆ ಏರ್ಪಡಿಸಿದರು. ಫ್ರೀಬಿಎಸ್‌ಡಿಯವರು ಇಂತಹ ತಮ್ಮ ವಿಶೇಷಾಕ್ಷರಗಳಿಗಾಗಿ ಕಂಪೈಲರನ್ನೇ ತಿದ್ದಿಕೊಂಡರು; ಲಿನಕ್ಸಿನವರು ಕಂಪೈಲರಿನ ಕಣ್ಣು ತಪ್ಪಿಸಿದರು. ಎರಡನೆಯದು ಸುಲಭದ ದಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಂಪೈಲರು ಕಾವಲು ಕಾಯದ ಎಡೆಯಲ್ಲಿ ಓದುಗನಿಗೆ ದಿಕ್ಕಾಗತಕ್ಕದ್ದು ಲಿಖಿತ ವಿವರಣೆಯೊಂದೇ ಆದಕಾರಣ, ಕೈಪಿಡಿಯ ಹೊಣೆ ಅಂದಿನಿಂದಲೇ ಭಾರವಾಯಿತು.

ರ್‍ಯಾಂಡಿ ಡನ್‌ಲ್ಯಾಪ್ ಮತ್ತು ಆಂಡ್ರ್ಯೂ ಮರ್ರೆ ಎಂಬಿಬ್ಬರ ಹೆಸರನ್ನು ಹೊತ್ತ ಈ ಕೈಪಿಡಿ ಬಹುಕಾಲ ಸಾದಾ ಪಠ್ಯದ ಒಂದು ಕಡತವಾಗಿ, ದಾಖಲೆಗಳ ರಾಶಿಯಲ್ಲಿ ತಾನೂ ಒಂದಾಗಿ ಬಿದ್ದಿತ್ತು. 2017ರ ಅಂತ್ಯದಲ್ಲಿ ಟೋಬಿನ್ ಹಾರ್ಡಿಂಗ್ ಅವರು ಅದನ್ನು ಹೊಸ ದಾಖಲೆ ಪದ್ಧತಿಗೆ ಅಳವಡಿಸಿದ ಮೇಲೆ, ಕರ್ನಲ್ಲಿನ ಮೂಲಭೂತ ಸೌಕರ್ಯಗಳನ್ನು ವಿವರಿಸುವ ವಿಭಾಗದಲ್ಲಿ ಅದಕ್ಕೊಂದು ಸ್ಥಾನ ದೊರೆಯಿತು. ಇದೇ ಸಂಕೇತಗಳನ್ನು ಅರ್ಥೈಸುವ ಸಿ ಕಡತದೊಳಗೂ ಒಂದು ಉದ್ದನೆಯ ಟಿಪ್ಪಣಿಯುಂಟು. ಅದು ಅಕ್ಷರಗಳನ್ನು ಹೆಚ್ಚುಕಡಮೆ ಅವು ಬಂದು ಸೇರಿದ ಅನುಕ್ರಮದಲ್ಲಿಯೇ ಪಟ್ಟಿಮಾಡುತ್ತದೆ. ಕೈಪಿಡಿಯಾದರೋ ಓದುಗನ ಪ್ರಯೋಜನವನ್ನು ಮುಂದಿಟ್ಟುಕೊಂಡು, ಪೂರ್ಣಾಂಕಗಳ ಕೋಷ್ಟಕವನ್ನು ಮೊದಲಿಗೂ ಬಳಿಕ ವಿಳಾಸಗಳು, ಫಂಕ್ಷನ್ನುಗಳ ಹೆಸರುಗಳು, ಜಾಲದ ವಿಳಾಸಗಳು ಮುಂತಾದುವನ್ನು ಬೇರೆಬೇರೆಯಾಗಿಯೂ ವಿಂಗಡಿಸಿ, ಪ್ರತಿಯೊಂದರ ಎದುರಿಗೆ ಅದು ಪರದೆಯ ಮೇಲೆ ಹೇಗೆ ಮೂಡುವುದೆಂಬ ಮಾದರಿಯನ್ನೂ ಕೊಡುತ್ತದೆ. ಕೈಪಿಡಿಯ ಶ್ರೇಷ್ಠಗುಣ ಈ ಮಾದರಿಗಳಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಒಂದು ಮಾದರಿಯನ್ನು ಹತ್ತಿರದಿಂದ ನೋಡಬಹುದು. %ಪಿ ಮುಂದೆ ದೊಡ್ಡ ಐ ಅಕ್ಷರವನ್ನೂ 4 ಅಂಕಿಯನ್ನೂ ಬರೆದರೆ ಐಪಿ ವಿಳಾಸವು 1.2.3.4 ಎಂದು ಮೂಡುತ್ತದೆ. ಚಿಕ್ಕ ಐ ಅಕ್ಷರವನ್ನು ಬರೆದರೆ 001.002.003.004 ಎಂದು ಸೊನ್ನೆ ತುಂಬಿಕೊಂಡು ಬರುತ್ತದೆ. ಇಷ್ಟನ್ನು ತಿಳಿದವನು ಅಂಕಿಯನ್ನು 6ಕ್ಕೆ ಬದಲಿಸಿದರೂ ಚಿಕ್ಕ ಅಕ್ಷರದ ಕೆಲಸ ಸೊನ್ನೆ ತುಂಬುವುದೇ ಎಂದು ಊಹಿಸಿದರೆ ಮೋಸಹೋಗುವನು. ಆರನೆಯ ಆವೃತ್ತಿಯ ವಿಳಾಸದಲ್ಲಿ ಸೊನ್ನೆಗಳು ದೊಡ್ಡ ಅಕ್ಷರಕ್ಕೂ ಉಂಟು; ಚಿಕ್ಕ ಅಕ್ಷರವು ನಡುವಣ ವಿಸರ್ಗದಂತಹ ಚಿಹ್ನೆಗಳನ್ನು ಕಿತ್ತುಹಾಕಿ 32 ಅಂಕಿಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತದೆ. ಇದು ಸಂಕೇತವನ್ನು ರೂಪಿಸಿದವರ ದೋಷವೇ ಹೊರತು ಕೈಪಿಡಿಯ ದೋಷವಲ್ಲ. ಆದರೆ ನಾಲ್ಕಾರು ಮಾದರಿಗಳು ಒಂದೇ ಪುಟದಲ್ಲಿ ನೆರೆಹೊರೆಯಾಗಿ ನಿಂತುದರಿಂದಲೇ ಈ ಅಸಾಂಗತ್ಯ ಕಣ್ಣಿಗೆ ಬಿದ್ದಿತು; ಚದುರಿಹೋಗಿದ್ದರೆ ಬೀಳುತ್ತಿರಲಿಲ್ಲ.

ಟಿಪ್ಪಣಿ, ಕೈಪಿಡಿ ಎಂದು ಒಂದೇ ವಿಷಯವು ಹೀಗೆ ಒಂದಕ್ಕಿಂತ ಹೆಚ್ಚು ರೂಪದಲ್ಲಿರುವುದು ತನ್ನಷ್ಟಕ್ಕೇ ದೋಷವಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲು. ಅಲ್ಲಿ ಶಾಸನಗಳನ್ನು ತುಮಕೂರು, ಗುಬ್ಬಿ, ಕುಣಿಗಲ್ ಎಂದು ತಾಲ್ಲೂಕುವಾರು ವಿಂಗಡಿಸಿ, ಪ್ರತಿ ತಾಲ್ಲೂಕಿಗೂ ಸಂಖ್ಯೆಯನ್ನು ಒಂದರಿಂದ ಆರಂಭಿಸಿ, ಒಂದೊಂದು ಪಾಠವನ್ನೂ ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ ಹೀಗೆ ಮೂರು ಬಗೆಯಾಗಿ ಕೊಟ್ಟಿದೆ. ಗುಬ್ಬಿಯ ಹತ್ತನೆಯ ಶಾಸನ ಬೇರೆ, ಕುಣಿಗಲಿನ ಹತ್ತನೆಯದು ಬೇರೆ. ಆದರೂ ತಾಲ್ಲೂಕಿನ ಸಂಕ್ಷಿಪ್ತಾಕ್ಷರವನ್ನೂ ಸಂಖ್ಯೆಯನ್ನೂ ಹಿಡಿದು ಹೊರಟವನು ಮೂರು ರೂಪಗಳಲ್ಲಿ ಯಾವುದಕ್ಕೆ ಬೇಕಾದರೂ ತಪ್ಪದೆ ಹೋಗಿ ಮುಟ್ಟುವನು. ಪಾಠದಲ್ಲಿ ಸಂಶಯ ಬಂದರೆ ಕಡೆಯ ಪ್ರಮಾಣವಾಗಿ ಕಲ್ಲು ಇದ್ದೇ ಇದೆ. ಕಲ್ಲಿನ ಅಕ್ಷರ ಸವೆಯಬಹುದಲ್ಲದೆ, ಪುಸ್ತಕ ಅಚ್ಚಾದ ಮೇಲೆ ಹೊಸ ಸಾಲನ್ನು ಅದು ಸೇರಿಸಿಕೊಳ್ಳದು. ಕರ್ನಲ್ಲಿನಲ್ಲಿ ಕಲ್ಲಿನ ಸ್ಥಾನದಲ್ಲಿರುವುದು ಸಿ ಭಾಷೆಯ ಕೋಡು. ಅದಾದರೋ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಹೋಗುವುದರಿಂದ, ಅದರ ಪ್ರತಿರೂಪಗಳು ಒಂದರಿಂದೊಂದು ದೂರ ಸರಿಯುವ ಭಯ ಎಂದೂ ತಪ್ಪಿದ್ದಲ್ಲ.

ಈ ಭಯವನ್ನು ಕರ್ನಲ್ಲಿನವರು ಅರಿಯದವರಲ್ಲ. ಅಕ್ಷರವನ್ನು ಬದಲಿಸುವವರು ವಿವರಣೆಯನ್ನು ಎರಡೂ ಕಡೆಗಳಲ್ಲಿ ತಿದ್ದಬೇಕೆಂಬ ವಿಜ್ಞಾಪನೆ ಸಿ ಕಡತದಲ್ಲಿ ಎದ್ದು ಕಾಣುವಂತಿದೆ. ಅಷ್ಟು ಸಾಲದೆಂಬಂತೆ, ಚೆಕ್‌ಪ್ಯಾಚ್ ಎಂಬ ಪರೀಕ್ಷಕ ಸ್ಕ್ರಿಪ್ಟಿನಲ್ಲಿಯೂ ಒಪ್ಪತಕ್ಕ ಅಕ್ಷರಗಳ ಪಟ್ಟಿಯಿರುವುದರಿಂದ ಅದನ್ನೂ ಮರೆಯದಿರಿ ಎಂಬ ಇನ್ನೊಂದು ಸೂಚನೆ ಉಂಟು. ಹೀಗೆ ಒಂದು ಅಕ್ಷರದ ನಿಮಿತ್ತ ಟಿಪ್ಪಣಿ, ಕೈಪಿಡಿ, ಸ್ಕ್ರಿಪ್ಟು ಎಂಬ ಮೂರು ಬಾಗಿಲುಗಳನ್ನು ತಟ್ಟಬೇಕು. ಸಂಜೆಯ ಆತುರದಲ್ಲಿ ಪ್ಯಾಚು ಕಳುಹಿಸುವವನ ಸ್ಮರಣಶಕ್ತಿಯ ಮೇಲೆ ಭಾರ ಹೊರಿಸುವ ಇಂತಹ ವಿನಂತಿಯನ್ನು ವ್ಯವಸ್ಥೆಯೆಂದು ಕರೆಯಲು ನನಗೆ ಮನಸ್ಸು ಬಾರದು. ವಿವರಣೆಯನ್ನು ಒಂದೆಡೆಗೆ ತರುವ ಕೆಲಸವು ಅರ್ಧದಾರಿಗೇ ನಿಂತಿದೆ ಎಂದು ನನಗೆ ತೋರುವುದು ಈ ಅರ್ಥದಲ್ಲಿ.

ಹಾಗಾದರೆ ಟಿಪ್ಪಣಿಯನ್ನು ಅಳಿಸಿ ಕೈಪಿಡಿಯೊಂದನ್ನೇ ಉಳಿಸಬಹುದೆ? ಕೋಡನ್ನು ತಿದ್ದುತ್ತಿರುವವನ ಕಣ್ಣಳತೆಯಲ್ಲಿಯೇ ಇರುವುದು ಟಿಪ್ಪಣಿಯ ದೊಡ್ಡ ಗುಣ, ಅದನ್ನು ಕಳೆದುಕೊಳ್ಳಲಾಗದು. ಟಿಪ್ಪಣಿಯಿಂದಲೇ ಕೈಪಿಡಿಯನ್ನು ಹಿಂಡಿ ತೆಗೆಯುವ ಉಪಕರಣ ಕರ್ನಲ್ಲಿನಲ್ಲಿ ಉಂಟಾದರೂ, ಅದರಿಂದ ಕೈಪಿಡಿಯ ವಿಷಯಾನುಕ್ರಮವು ಕೆಟ್ಟು ಹಳೆಯ ಪಟ್ಟಿಯ ಕ್ರಮವೇ ಮರಳಿ ಬರುವ ಅಪಾಯವಿದೆ. ನನಗೆ ಸರಿದೋರುವ ಮಾರ್ಗ ಬೇರೆ. ರಾಸ್ಮಸ್ ವಿಲ್ಲೆಮೋಸ್ ಅವರು 2015ರಲ್ಲಿ ಈ ಸಂಕೇತಗಳಿಗಾಗಿಯೇ ಒಂದು ಪರೀಕ್ಷಾ ಕಡತವನ್ನು ರಚಿಸಿದರು. ಹೊಸ ಅಕ್ಷರ ತಂದವರು ಸಾಧ್ಯವಾದ ಮಟ್ಟಿಗೆ ಅದರಲ್ಲಿ ಪರೀಕ್ಷೆಯೊಂದನ್ನು ಸೇರಿಸಬೇಕೆಂದು ಕೈಪಿಡಿಯೇ ಕೇಳಿಕೊಳ್ಳುತ್ತದೆ. ಕೈಪಿಡಿಯಲ್ಲಿ ಅಚ್ಚಾಗುವ ಮಾದರಿಗಳನ್ನು ಈ ಪರೀಕ್ಷೆಗಳಿಂದಲೇ ತೆಗೆದುಕೊಂಡುದಾದರೆ, ಕೋಡು ಬದಲಾದ ದಿನವೇ ಪರೀಕ್ಷೆ ಮುರಿದುಬೀಳುವುದು, ಪುಟದ ಸುಳ್ಳೂ ಅಲ್ಲಿಯೇ ಬಯಲಾಗುವುದು. ವಿಂಗಡಣೆಯೂ ವ್ಯಾಖ್ಯಾನವೂ ಎಂದಿನಂತೆ ಮನುಷ್ಯನ ಕೈಯಲ್ಲಿರಲಿ.

ಇಷ್ಟು ಸೂಕ್ಷ್ಮ ವಿಚಾರಣೆ ಅನಗತ್ಯವೆಂದು ಎಣಿಸುವವರು 2018ರ ಜನವರಿಯಲ್ಲಿ ಬಂದ 4.15ನೆಯ ಆವೃತ್ತಿಯನ್ನು ನೆನೆಯಬೇಕು. ಅಲ್ಲಿಯವರೆಗೆ ಬರಿಯ %ಪಿ ಬರೆದರೆ ಕರ್ನಲ್ಲಿನ ನಿಜವಾದ ವಿಳಾಸವೇ ಲಾಗಿನಲ್ಲಿ ಮೂಡುತ್ತಿತ್ತು. ಕನ್ನ ಕೊರೆಯುವವನಿಗೆ ಅದು ಮನೆಯ ನಕ್ಷೆಯನ್ನೇ ಕೊಟ್ಟಂತಾಗುತ್ತಿತ್ತು. ಕೈಪಿಡಿಗೆ ಹೊಸ ರೂಪ ಕೊಟ್ಟ ಹಾರ್ಡಿಂಗ್ ಅವರದೇ ತಿದ್ದುಪಡಿಯಿಂದ ಆ ವಿಳಾಸ ಹ್ಯಾಷ್ ರೂಪಕ್ಕೆ ಮರೆಯಾಯಿತು. ನಿಜ ವಿಳಾಸ ಬೇಕೇ ಬೇಕೆಂಬವರಿಗೆ ಎಕ್ಸ್ ಅಕ್ಷರ ಸೇರಿಸಿದ ಬೇರೊಂದು ಸಂಕೇತ ಬಂತು. ಅದನ್ನು ಬಳಸುವ ಮುನ್ನ ಹತ್ತು ಸಲ ಯೋಚಿಸುವಂತೆ ಮಾಡುವ ಕೈಪಿಡಿಯ ಭಾಗವು, ಸಂಕೋಚವಿಲ್ಲದೆ ಹೇಳುವುದಾದರೆ, ಅದರಲ್ಲೆಲ್ಲ ಉತ್ತಮವಾಗಿ ಬರೆದ ಭಾಗ.

ಇನ್ನೊಂದು ಕೊರತೆಯನ್ನು ಹೇಳದೆ ಬಿಡಲಾಗದು. ಫಂಕ್ಷನ್ನಿನ ಹೆಸರನ್ನು ತೋರಿಸುತ್ತಿದ್ದ ಎಫ್ ಅಕ್ಷರದ ದೊಡ್ಡ, ಚಿಕ್ಕ ಎರಡು ರೂಪಗಳನ್ನೂ 2019ರಲ್ಲಿ ರದ್ದುಪಡಿಸಿದರು; ಅನಂತರ ಚಿಕ್ಕ ಎಫ್ ಅನ್ನು ಮತ್ತೊಂದು ಅಕ್ಷರದೊಡನೆ ಕೂಡಿಸಿ ಸಂಪೂರ್ಣ ಅನ್ಯವಾದ ಪ್ರಯೋಜನಕ್ಕೆ ವಿನಿಯೋಗಿಸಿದರು. ಹಳೆಯ ಡ್ರೈವರನ್ನು ಮುಂದಿಟ್ಟುಕೊಂಡು ಇಂದಿನ ಕೈಪಿಡಿಯನ್ನು ಓದುವವನಿಗೆ ಈ ಪೂರ್ವೋತ್ತರದ ಸುಳಿವು ಅಲ್ಲಿ ಸಿಕ್ಕದು. ಸುದೈವದಿಂದ ಕೈಪಿಡಿಯ ಪ್ರತಿಯು ಆಯಾ ಆವೃತ್ತಿಯ ಮೂಲದೊಡನೆಯೇ ಬರುತ್ತದೆಯಾದಕಾರಣ, ಅಂತಹವನು ತನ್ನ ಯಂತ್ರದ ಕರ್ನಲ್ಲು ಯಾವ ಆವೃತ್ತಿಯದೋ ಆ ಮೂಲದೊಳಗಿನ ಪ್ರತಿಯನ್ನೇ ತೆರೆಯತಕ್ಕದ್ದು. ತೀರ ಹಳೆಯದಾದರೆ ಅದು ಹೊಸ ವಿಭಾಗದಲ್ಲಿರದೆ, ದಾಖಲೆಗಳ ಫೋಲ್ಡರಿನಲ್ಲಿ ಸಾದಾ ಪಠ್ಯವಾಗಿಯೇ ಇರುತ್ತದೆ.